ಉಂಡ ಮನೆಯ ಜಂತಿ ಎಣಿಸುವವರಿಗೆ

ಮಹಾರಾಜಶ್ರೀ ರುಬಿಡಿಯಂ-87 ಪರಮಾಣುಗಳ ಸನ್ನಿಧಿಗೆ,

ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ ಎನ್ನಬೇಕಿತ್ತು. ಪ್ರಯೋಗಾಲಯದ ಚಿಪ್ ಮೇಲೆ ತಮ್ಮ ವಾಸ ಕೆಲವೇ ಸೆಕೆಂಡು ಎಂದು ತಿಳಿದು ಆ ಸಾಲು ಬಿಟ್ಟಿದ್ದೇನೆ.

ಪರಿಚಯವಿಲ್ಲದವನು ಕಾಗದ ಬರೆದನೆಂದು ಮುನಿಯಬೇಡಿ. ತಮ್ಮ ಕಥೆ ಶುರುವಾದದ್ದೇ ಅಂಥ ಒಂದು ಕಾಗದದಿಂದ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಬರೆದರು. ಬೆಳಕಿನ ಕಣಗಳಿಗೆ ಬೋಸರು ಹಾಕಿದ್ದ ಲೆಕ್ಕವನ್ನು ಐನ್‌ಸ್ಟೈನರು ಪರಮಾಣುಗಳಿಗೂ ಹಚ್ಚಿ, ತೀರಾ ತಣ್ಣಗಾದರೆ ಇವೆಲ್ಲ ಒಂದೇ ಸ್ಥಿತಿಗೆ ಇಳಿಯುತ್ತವೆ ಎಂದರು. ತಾವು ಉತ್ತರ ಕೊಡಲು ಎಪ್ಪತ್ತು ವರ್ಷ ತೆಗೆದುಕೊಂಡಿರಿ. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ವಿಜ್ಞಾನಿಗಳಾದ ಕಾರ್ನೆಲ್ ಮತ್ತು ವೀಮನ್ ಕೈಗೆ ಸಿಕ್ಕವರು ಸುಮಾರು ಎರಡು ಸಾವಿರ ಮಂದಿ.

ಆಮೇಲೆ ತಮಗೊಂದು ಮನೆಯಾಯಿತು. ಕಂಪ್ಯೂಟರ್ ಚಿಪ್ ಮಾಡುವ ವಿದ್ಯೆಯಿಂದಲೇ ಒಂದು ಬಿಲ್ಲೆಯ ಮೇಲೆ ಕೂದಲೆಳೆಯಂಥ ತಂತಿ ಎಳೆದು ಕರೆಂಟು ಹರಿಸಿದರು. ತಂತಿಯ ಕಾಂತಕ್ಷೇತ್ರಕ್ಕೆ ಹೊರಗಿನ ಇನ್ನೊಂದು ಕ್ಷೇತ್ರವನ್ನು ಎದುರು ನಿಲ್ಲಿಸಿದರೆ, ತಂತಿಯ ಪಕ್ಕದಲ್ಲೇ ಎರಡೂ ಒಂದನ್ನೊಂದು ಕಳೆದುಹಾಕುವ ಗೆರೆ ಹುಟ್ಟುತ್ತದೆ. ಅದೇ ತಮ್ಮ ತೊಟ್ಟಿಲು. ಒಳಗಿದ್ದ ಬಿಸಿತಲೆಯವರನ್ನೆಲ್ಲ ಆಚೆಗಟ್ಟಿ, 2001ರಲ್ಲಿ ಮ್ಯೂನಿಕ್ ಮತ್ತು ಟ್ಯೂಬಿಂಗೆನ್‌ನವರು ಉಳಿದವರನ್ನು ಚಿಪ್ ಮೇಲೇ ಆ ಒಂದೇ ಸ್ಥಿತಿಗೆ ಇಳಿಸಿದರು. ಬಿಸಿ ತಂತಿಯಿಂದ ಕೂದಲೆಳೆಯಷ್ಟು ದೂರದಲ್ಲಿ, ನಡುವೆ ಬರೀ ನಿರ್ವಾತ, ಪರಮ ಸೊನ್ನೆಯಿಂದ ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿನ ಆಸುಪಾಸಿನಲ್ಲಿ ತಾವು. ಇಂಥ ಉಪಚಾರ ಯಾವ ಅಳಿಯನಿಗೂ ಆದದ್ದಿಲ್ಲ.

ತಾವು ಮಾಡಿದ್ದೇನು? ತಂತಿಗೆ ಇನ್ನಷ್ಟು ಹತ್ತಿರ ಕರೆದಾಗ, ಉದ್ದಕ್ಕೆ ಒಂದೇ ಸಮ ಮಲಗಬೇಕಾದವರು ತುಂಡು ತುಂಡಾಗಿ ಗುಂಪು ಕಟ್ಟಿದಿರಿ. ಒಂದು ಕಡೆ ಆಗಿದ್ದರೆ ಅವರ ಕೈಗುಣ ಎನ್ನಬಹುದಿತ್ತು, ಹಲವು ಪ್ರಯೋಗಾಲಯಗಳಲ್ಲಿ ಅದೇ ರಗಳೆ. ಕೊನೆಗೆ 2004ರಲ್ಲಿ ಪ್ಯಾರಿಸ್ ಬಳಿಯ ಆರ್ಸೆಯವರು ತಂತಿಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅಂಚೆಲ್ಲ ತರಿತರಿ. ಆ ತರಿಗೆ ಕರೆಂಟು ನೆಟ್ಟಗೆ ಹರಿಯದೆ ಒಂಚೂರು ಅತ್ತಿತ್ತ ವಾಲುತ್ತಿತ್ತು, ಅದಕ್ಕೆ ತಕ್ಕಂತೆ ತಮ್ಮ ತೊಟ್ಟಿಲೂ ಉಬ್ಬುತಗ್ಗಾಗುತ್ತಿತ್ತು. ತಪ್ಪು ತಮ್ಮದಲ್ಲ, ಮನೆಯದು. ಆದರೂ, ಉಂಡ ಮನೆಯ ಜಂತಿಯನ್ನು ಹೀಗೆ ಎಣಿಸುವುದೆ?

ಹೈಡೆಲ್‌ಬರ್ಗ್‌ನ ಶ್ಮೀಡ್‌ಮಾಯರ್ ಗುಂಪಿನವರು ಇನ್ನೂ ಗಟ್ಟಿಗರು. ಚಾಡಿಕೋರರನ್ನೇ ಕೆಲಸಕ್ಕೆ ಇಟ್ಟುಕೊಂಡರು. ತಾವು ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ನೋಡಿ 2005ರಲ್ಲಿ ಕಾಂತಕ್ಷೇತ್ರದ ನಕ್ಷೆ ಬರೆದರು. ಮೂರು ಮೈಕ್ರಾನ್ ಜಾಗದೊಳಗೆ ನಾಲ್ಕು ನ್ಯಾನೊಟೆಸ್ಲಾ ಏರುಪೇರಾದರೂ ತಾವು ಬಿಡಲಿಲ್ಲ. ಅದು ಭೂಮಿಯ ಕಾಂತಕ್ಷೇತ್ರದ ಹತ್ತು ಸಾವಿರದಲ್ಲೊಂದು ಪಾಲು. 2008ರಲ್ಲಿ ತೆಳು ಚಿನ್ನದ ಪಟ್ಟಿಗಳ ಸರದಿ. ಅವುಗಳೊಳಗೆ ಕರೆಂಟಿನ ವಾಲಾಟ ಅಡ್ಡಾದಿಡ್ಡಿಯಲ್ಲ, 45 ಡಿಗ್ರಿ ಓರೆಯಲ್ಲಿ ಸಾಲುಗಟ್ಟುತ್ತದೆ ಎಂಬ ಸಂಗತಿ ಹೊರಬಿತ್ತು. ನಮ್ಮ ಚಿನಿವಾರರು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡಬೇಕು. ತಾವು ಮುಟ್ಟದೆಯೇ ಮಾನ ತೆಗೆಯುತ್ತೀರಿ.

ಇನ್ನೊಂದು ದೂರು. ಚಿಪ್ ಅಂದಾಗ ಜೇಬಿಗಿಳಿಯುವ ಮಾಪಕ ಅಂದುಕೊಂಡೆ. ಬಿಲ್ಲೆ ಅಂಗೈಯಗಲ ನಿಜ, ಅದರ ಸಂಸಾರ ಕೋಣೆ ತುಂಬ: ಲೇಸರ್, ಕನ್ನಡಿ, ಪಂಪು, ಸುರುಳಿ. ಪ್ರಯಾಣವನ್ನೇನೂ ತಾವು ತಪ್ಪಿಸಿಕೊಂಡಿಲ್ಲ. ತೂಕವಿಲ್ಲದ ಸ್ಥಿತಿಗಾಗಿ ಜರ್ಮನಿಯ ಬ್ರೆಮೆನ್‌ನ 146 ಮೀಟರ್ ಗೋಪುರದೊಳಗೆ ತಮ್ಮನ್ನು ಕೆಳಕ್ಕೆ ಬಿಟ್ಟರು. 2017ರ ಜನವರಿ 23ರಂದು ಸ್ವೀಡನ್ನಿನ ಕಿರುನಾದಿಂದ ರಾಕೆಟ್ ಹತ್ತಿಸಿದರು. 2018ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ತಮಗೊಂದು ಬಿಡಾರ.

ತಮ್ಮ ಸಾಕ್ಷ್ಯ ಪಡೆಯುವ ಕ್ರಮ ಮಾತ್ರ ನನಗೆ ಹಿಡಿಸಲಿಲ್ಲ. ಮೈಮೇಲೆ ಲೇಸರ್ ಬೆಳಕು ಬಿಟ್ಟು, ಬಿದ್ದ ನೆರಳಿನ ಚಿತ್ರ ತೆಗೆಯುತ್ತಾರೆ. ಆ ಬೆಳಕಿಗೇ ತಾವು ಕಾದು ಚೆದುರಿ ಹೋಗುತ್ತೀರಿ. ಮುಂದಿನ ಚಿತ್ರಕ್ಕೆ ಹೊಸ ಕಂತು, ಮೊದಲಿನಿಂದ ತಣಿಸುವ ಕೆಲಸ. ಇಷ್ಟು ಸಾಕ್ಷಿಗಳನ್ನು ಕಳೆದುಕೊಂಡೂ ಮೊಕದ್ದಮೆ ಗೆಲ್ಲುವುದು ಭೌತವಿಜ್ಞಾನದಲ್ಲಿ ಮಾತ್ರ.

ಆದ್ದರಿಂದ ಈ ಕಾಗದ ತಲುಪುವ ಹೊತ್ತಿಗೆ ತಾವು ಇರುವುದಿಲ್ಲ. ದಯವಿಟ್ಟು ಮುಂದಿನ ಕಂತಿನವರು ಓದಿಕೊಳ್ಳಿ. ಎಣಿಸಿ ಉಳಿದ ಜಂತಿ ಯಾವುವೆಂದು ಅವರಿಗೆ ಗೊತ್ತಿರುತ್ತದೆ.

ಇಂತಿ,
ನೆಟ್ಟಗಿನ ತಂತಿ ಎಂದರೆ ನೆಟ್ಟಗೇ ಇರುತ್ತದೆ ಎಂದು ಇಷ್ಟು ದಿನ ನಂಬಿದ್ದವ