ಪೌಡರ್ ಡಬ್ಬಿ ತೆರೆಯುವ ಮುನ್ನ

(ಗಂಡಸರಿಗಾಗಿ ಬಳಕೆದಾರರ ಕೈಪಿಡಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಆವೃತ್ತಿ)

ಅಭಿನಂದನೆಗಳು

ನೀವು ಗಂಡಸಾಗಿದ್ದೂ ನಿಮಗಾಗಿಯೇ ಒಂದು ಪೌಡರ್ ಡಬ್ಬಿ ಕೊಂಡಿದ್ದೀರಿ. ಇದು ಸಣ್ಣ ಧೈರ್ಯವಲ್ಲ. ಇಷ್ಟು ದಿನ ನೀವು ಹೆಂಡತಿಯ ಡಬ್ಬಿಯಿಂದ ಕದ್ದಿರಿ, ತಂಗಿಯ ಡಬ್ಬಿಯಿಂದ ಕದ್ದಿರಿ, ಕೂಸಿನ ಡಬ್ಬಿಯನ್ನೂ ಬಿಡಲಿಲ್ಲ. ದುಕಾನದಾಗ "ಮನ್ಯಾಗ ಹೇಳ್ಯಾರ್ರಿ" ಅಂತ ಸುಳ್ಳು ಹೇಳಿ ಡಬ್ಬಿ ತಗೊಂಡಿರಿ. ಈ ಕೈಪಿಡಿಯ ಮುಂದೆ ಸಂಕೋಚ ಬೇಡ. ನಮ್ಮ ಭಾಗದ ಗಂಡಸು ಪೌಡರಿಗೆ ಹೊಸಬನೇನಲ್ಲ. ಹಣೆಗೆ ಮೂರು ಬೆರಳಿನ ವಿಭೂತಿ ಕೂಸಾಗಿದ್ದಾಗಲೇ ಬಿದ್ದಿದೆ. ಉಳಿದ ಮೈಯ ಪೌಡರನ್ನು ಗಾಳಿ ನೋಡಿಕೊಳ್ಳುತ್ತದೆ.

ಪೆಟ್ಟಿಗೆಯಲ್ಲಿ ಇರಬೇಕಾದವು

1. ಪೌಡರ್ ಡಬ್ಬಿ: 1.
2. ನೀರು: ಒಂದು ಕೊಡ. ಡಬ್ಬಿಯ ಜೊತೆಗೆ ಬರುವುದಿಲ್ಲ. ಬೇಸಿಗೆಯಲ್ಲಿ ನಳದಲ್ಲೂ ಬರದೆ ಇರಬಹುದು.
3. ಒಣಗಿದ ಟವೆಲ್: 1. "ಸ್ವಲ್ಪ ಹಸಿ ಅದ, ನಡೀತದ" ಎಂಬುದು ಒಣಗಿದ ಟವೆಲ್ ಅಲ್ಲ.
4. ಕಣ್ಣು: 2. ಬೇಕಾದರೆ ಅಪ್ಪನ ಚಷ್ಮಾ. ಡಬ್ಬಿಯ ಬೆನ್ನಿನ ಅಕ್ಷರಗಳು ಇರುವೆಗಾಗಿ ಅಚ್ಚು ಹಾಕಿದವು.

ಹಂತ 1: ಮೈಮೇಲಿರುವ ಪೌಡರ್ ಮೊದಲು ತೆಗೆಯಿರಿ

ಬೇರೆ ಊರಿನ ಕೈಪಿಡಿಗಳಲ್ಲಿ ಈ ಹಂತ ಇರುವುದಿಲ್ಲ. ಬೆಂಗಳೂರಿನ ಗಂಡಸು ಬರೀ ಮೈಗೆ ಪೌಡರ್ ಹಚ್ಚುತ್ತಾನೆ. ನೀವು ಹಚ್ಚುವುದು ಪೌಡರಿನ ಮೇಲೆ ಪೌಡರ್.

ಹೊರಗೆ ಹೋಗಿ ಬಂದವರು ಕನ್ನಡಿ ಮುಂದೆ ನಿಲ್ಲಿ. ಹುಬ್ಬಿನ ಮೇಲೆ, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಬೆಳ್ಳಗೆ ಕಾಣುವುದು ವಯಸ್ಸಲ್ಲ. ಅದು ಗಣಿಯ ಸುಣ್ಣದ ಕಲ್ಲಿನ ಹುಡಿ, ಕಾರ್ಖಾನೆಯ ಸಿಮೆಂಟಿನ ಹುಡಿ, ಲಾರಿ ಎಬ್ಬಿಸಿದ ರಸ್ತೆಯ ಹುಡಿ. ಮೂರರ ಪ್ರಮಾಣ ಊರಿಂದ ಊರಿಗೆ ಬೇರೆ.

ಸುಣ್ಣದ ಕಲ್ಲಿನ ಹುಡಿ ಚರ್ಮವನ್ನು ಒಣಗಿಸಿ ಬಿರಿಯಿಸುತ್ತದೆ. ಅದು ಸೌಮ್ಯ ಸ್ವಭಾವದ್ದು. ಸಿಮೆಂಟ್ ಹಾಗಲ್ಲ. ಒಣಗಿದ್ದಾಗ ಸುಮ್ಮನಿರುತ್ತದೆ, ನೀರು ಕಂಡರೆ ಎಚ್ಚರಾಗುತ್ತದೆ. ಹಸಿ ಸಿಮೆಂಟಿನ ಕ್ಷಾರದ ಅಳತೆ, ಅಂದರೆ ಪಿಎಚ್, 12ಕ್ಕೂ ಮೇಲೆ. ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ನೀರು ಅಂದರೆ ಬಕೆಟ್ಟಿನ ನೀರೇ ಆಗಬೇಕೆಂದಿಲ್ಲ. ಬೆವರೂ ನೀರೇ. ಕಂಕುಳ, ತೊಡೆಸಂದಿ, ಸೊಂಟಪಟ್ಟಿಯ ಕೆಳಗಿನ ಜಾಗ: ಇಲ್ಲೆಲ್ಲ ನಿಮ್ಮ ಮೈಯೇ ಗಾರೆ ಕಲಸುತ್ತಿರುತ್ತದೆ. ಸಿಮೆಂಟಿನಲ್ಲಿರುವ ಕ್ರೋಮಿಯಂ ಕೆಲವರಿಗೆ ಅಲರ್ಜಿ ತರುತ್ತದೆ. ಒಮ್ಮೆ ಅಂಟಿದ ಆ ಅಲರ್ಜಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲಸ ಬಿಟ್ಟ ಮೇಲೂ ಮೇಸ್ತ್ರಿಯ ಕೈ ತುರಿಸುತ್ತಲೇ ಇರಬಹುದು.

ಆದ್ದರಿಂದ ಮೊದಲು ಅಂಗಿ ಬಿಚ್ಚಿ ಹೊರಗೇ ಝಾಡಿಸಿ. ಒಣ ಹುಡಿಯನ್ನು ಒಣಗಿದ್ದಾಗಲೇ ಕೊಡವಿ. ಆಮೇಲೆ ಧಾರಾಳ ನೀರು. ಎರಡು ಚೊಂಬು ಸುರಿದುಕೊಂಡು "ಆತು" ಅನ್ನುವುದು ಗಾರೆ ಕಲಸುವ ವಿಧಾನವೇ ಹೊರತು ಸ್ನಾನವಲ್ಲ.

ಈ ಹಂತ ಬಿಟ್ಟು ಸೀದಾ ಡಬ್ಬಿ ತೆರೆದರೆ ಏನಾಗುತ್ತದೆ? ಬಹಳಷ್ಟು ಡಬ್ಬಿಗಳೊಳಗೆ ಇರುವ ಟಾಲ್ಕ್ ಎಂಬುದು ಲೋಕದಲ್ಲೇ ಅತಿ ಮೆತ್ತನೆಯ ಖನಿಜ. ಕಾಠಿಣ್ಯದ ಅಳತೆಯಲ್ಲಿ ಅದು 1, ವಜ್ರ 10. ನಾವು ಪಾಟಿಯ ಮೇಲೆ ಅ, ಆ ತಿದ್ದಿದ ಬಳಪದ ಜೀವಾಳ ಅದೇ. ಹಳೇಬೀಡಿನಲ್ಲಿ ಹೊಯ್ಸಳರ ಶಿಲ್ಪಿಗಳು ಕಲ್ಲಿಗೆ ಬಳೆ ತೊಡಿಸಲು ಆದದ್ದೂ ಬಳಪದ ಕಲ್ಲು ಅಷ್ಟು ಮೆತ್ತಗಿದ್ದುದರಿಂದಲೇ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಬರೆದೇ ಅಶೋಕನನ್ನು ಕೆತ್ತಿದ್ದು ಈ ಸೀಮೆಯ ಸುಣ್ಣದ ಕಲ್ಲಿನ ಮೇಲೆ. ಸ್ನಾನ ಮಾಡದೆ ಪೌಡರ್ ಹಚ್ಚಿದವನ ಕಂಕುಳಲ್ಲಿ ಅಶೋಕನ ಕಲ್ಲಿನ ಮೇಲೆ ಹೊಯ್ಸಳರ ಕಲ್ಲು ಕೂರುತ್ತದೆ. ಪುರಾತತ್ವ ಇಲಾಖೆಗೆ ಇದು ಖುಷಿಯ ವಿಷಯ. ಚರ್ಮಕ್ಕಲ್ಲ.

ಹಂತ 2: ಡಬ್ಬಿಯ ಮುಖ ನೋಡಬೇಡಿ, ಬೆನ್ನು ಓದಿ

ಮುಖದ ಮೇಲೆ ಹಿಮಾಲಯ ಇರುತ್ತದೆ, ಜಲಪಾತ ಇರುತ್ತದೆ, ಅಂಗಿ ಇಲ್ಲದ ಗಂಡಸು ಇರುತ್ತಾನೆ. ಮೂವರೂ ನಮ್ಮ ಕಡೆಯವರಲ್ಲ. ಬೆನ್ನಿನ ಮೇಲೆ ನೋಡಬೇಕಾದವು ಇಷ್ಟು: ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದು ಎಂಬ ತಾರೀಖು, ಒಳಗೇನಿದೆ ಎಂಬ ಪಟ್ಟಿ. ಹೆಚ್ಚು ಇರುವುದು ಪಟ್ಟಿಯಲ್ಲಿ ಮೊದಲು ಬರುತ್ತದೆ. ಸಂತೆಯಲ್ಲಿ ತೂಕಕ್ಕೆ ಮಾರುವ ಬಿಡಿ ಪೌಡರಿಗೆ ಬೆನ್ನೇ ಇರುವುದಿಲ್ಲ. ಬೆನ್ನಿಲ್ಲದ್ದನ್ನು ಮೈಗೆ ಹಚ್ಚಬೇಡಿ.

ಹಂತ 3: ಒಳಗೇನಿದೆ

ಟಾಲ್ಕ್: ಇದು ಬೆವರು ಕುಡಿಯುತ್ತದೆ ಎಂದು ನೀವು ನಂಬಿದ್ದೀರಿ. ಅಷ್ಟಾಗಿ ಕುಡಿಯುವುದಿಲ್ಲ. ಅದರ ಹಾಳೆಯಂಥ ಕಣಗಳು ಒಂದರ ಮೇಲೊಂದು ಜಾರುತ್ತವೆ. ತೊಡೆಗೆ ತೊಡೆ ಉಜ್ಜದಂತೆ ತಡೆಯುವುದು ಅದರ ಕೆಲಸ. ಅದರ ತಂಟೆ ಇರುವುದು ಹುಟ್ಟಿದ ಮನೆಯಲ್ಲಿ. ನೆಲದೊಳಗೆ ಟಾಲ್ಕಿನ ಪಕ್ಕದಲ್ಲೇ ಕೆಲವು ಕಡೆ ಆಸ್ಬೆಸ್ಟಾಸ್ ಇರುತ್ತದೆ, ಅದು ಕ್ಯಾನ್ಸರ್ ತರುವುದು ಖಚಿತ. ಅಮೆರಿಕದಲ್ಲಿ ಸಾವಿರಾರು ಮೊಕದ್ದಮೆಗಳ ನಡುವೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 2020ರಲ್ಲಿ ಅಲ್ಲಿಯೂ ಕೆನಡಾದಲ್ಲೂ, 2023ರಲ್ಲಿ ಜಗತ್ತಿನ ಎಲ್ಲ ಕಡೆಯೂ ಟಾಲ್ಕಿನ ಬೇಬಿ ಪೌಡರ್ ನಿಲ್ಲಿಸಿ ಜೋಳದ ಪಿಷ್ಟಕ್ಕೆ ಬದಲಾಯಿಸಿತು. ತಮ್ಮ ಪೌಡರ್ ಸುರಕ್ಷಿತ ಎಂದೇ ಅದರ ವಾದ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನು "ಬಹುಶಃ ಕ್ಯಾನ್ಸರ್‌ಕಾರಕ" ಎಂಬ 2ಎ ಪಟ್ಟಿಗೆ ಸೇರಿಸಿತು. ಆ ಪಟ್ಟಿ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ವಿಶೇಷ ಸೂಚನೆ: ಅದೇ 2ಎ ಪಟ್ಟಿಯಲ್ಲಿ ರಾತ್ರಿ ಪಾಳಿಯ ದುಡಿಮೆಯೂ ಇದೆ. ಮೂರನೇ ಶಿಫ್ಟ್ ಮುಗಿಸಿ ಬಂದು ಮೈಗೆ ಟಾಲ್ಕ್ ಹಚ್ಚಿಕೊಳ್ಳುವ ವಾಡಿಯ ಅಣ್ಣಾರು ಯಾವುದಕ್ಕೆ ಮೊದಲು ಹೆದರಬೇಕೆಂದು ತಾವೇ ತೀರ್ಮಾನಿಸತಕ್ಕದ್ದು.

ಜೋಳದ ಪಿಷ್ಟ: ನಮ್ಮ ಬಿಳಿಜೋಳದ್ದಲ್ಲ, ಗೋವಿನಜೋಳದ್ದು. ಇದು ನಿಜಕ್ಕೂ ಹಸಿ ಹೀರುತ್ತದೆ, ಟಾಲ್ಕಿನ ಚಿಂತೆಯೂ ಇಲ್ಲ. ಆದರೆ ಹೀರಿದ ಮೇಲೆ ಮುದ್ದೆಯಾಗುತ್ತದೆ. ಮಡಿಕೆಗಳಲ್ಲಿ ಮುದ್ದೆ ಕಟ್ಟಿದರೆ ಅದೇ ಉಜ್ಜಲು ಶುರು ಮಾಡುತ್ತದೆ. ತೆಳ್ಳಗೆ ಹಚ್ಚಿ, ಮುದ್ದೆಯಾಗುವ ಮುನ್ನ ತೊಳೆಯಿರಿ.

ಝಿಂಕ್ ಆಕ್ಸೈಡ್: ಕೆಂಪಾದ, ಉರಿಯುವ ಚರ್ಮಕ್ಕೆ ಒಳ್ಳೆಯದು. ಜಾಹೀರಾತಿನಲ್ಲಿ ಇದಕ್ಕೆ ಪಾತ್ರ ಕೊಡುವುದಿಲ್ಲ, ಪಾಪ.

ಮೆಂಥಾಲ್: ಇದು ತಂಪು ಮಾಡುವುದಿಲ್ಲ. ತಂಪಾಯಿತೆಂದು ಮಿದುಳಿಗೆ ವರದಿ ಕಳಿಸುತ್ತದೆ. ಚರ್ಮದ ನರಗಳಲ್ಲಿ ಚಳಿಗೆ ಇರುವ ಬಾಗಿಲನ್ನೇ ಅದು ತಟ್ಟುತ್ತದೆ. ಮೆಣಸಿನಕಾಯಿ ಶೆಕೆಯ ಬಾಗಿಲನ್ನು ತಟ್ಟುತ್ತದೆ. ಈ ಬಾಗಿಲುಗಳನ್ನು ಹುಡುಕಿದವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ರೊಟ್ಟಿ ಜೊತೆ ಹಸಿಮೆಣಸಿನ ಖಾರ ತಿಂದು, ಮೇಲೆ ಕೂಲ್ ಪೌಡರ್ ಬಡಿದುಕೊಂಡವನು ಒಳಗೊಂದು ಹೊರಗೊಂದು ಸುಳ್ಳು ಹೇಳಿಕೊಂಡಿರುತ್ತಾನೆ. ಮೇ ತಿಂಗಳ 43 ಡಿಗ್ರಿ ಎರಡನ್ನೂ ನಂಬುವುದಿಲ್ಲ. ತಂಪು ಅನ್ನಿಸಿತೆಂದು ಬಿಸಿಲಿಗೆ ಹೋಗಬೇಡಿ.

ಬೋರಿಕ್ ಆಸಿಡ್: ಕೇರಂ ಬೋರ್ಡಿಗೆ ಹಾಕುವ ಪೌಡರ್ ಸಾಮಾನ್ಯವಾಗಿ ಇದೇ. ಇದನ್ನು ಬರೆಯುತ್ತಿರುವವನು ಹದಿನಾರರ ವಯಸ್ಸಿನಲ್ಲಿ, ಕಾಯಿನ್ ಅಷ್ಟು ಚಂದ ಜಾರುವುದಾದರೆ ತೊಡೆ ಯಾಕೆ ಜಾರಬಾರದು ಎಂದು ತರ್ಕಿಸಿದ್ದ. ಸೈಕಲ್ ತುಳಿದು ಚರ್ಮ ಸುಲಿದಿತ್ತು. ತರ್ಕ ಸರಿಯಿತ್ತು, ಆ ದಿನದ ಉಳಿದ ಭಾಗವನ್ನು ಅವನು ಬಕೆಟ್ಟಿನ ಮೇಲೆ ಕೂತು ಕಳೆದ. ಸುಲಿದ ಚರ್ಮದ ಮೂಲಕ ಬೋರಿಕ್ ಆಸಿಡ್ ರಕ್ತಕ್ಕೆ ಸೇರಬಲ್ಲದು. ಕೂಸುಗಳಿಗಂತೂ ಅದು ವಿಷ. ಕೇರಂ ಪೌಡರ್ ಕೇರಂ ಬೋರ್ಡಿಗೇ ಇರಲಿ.

ಪರಿಮಳ: ಹೆಚ್ಚು ಘಮಘಮಿಸಿದಷ್ಟೂ ಅಲರ್ಜಿಯ ಸಾಧ್ಯತೆ ಹೆಚ್ಚು. ಮೊಳಕೈ ಒಳಮಗ್ಗುಲಿಗೆ ಎರಡು ದಿನ ಸ್ವಲ್ಪ ಹಚ್ಚಿ ನೋಡಿ. ತುರಿಸಿದರೆ ಡಬ್ಬಿ ಅಳಿಯನಿಗೆ ಕೊಡಬೇಡಿ, ತಿಪ್ಪೆಗೆ ಹಾಕಿ.

ಹಂತ 4: ಹಚ್ಚುವ ಕ್ರಮ

ಮೈ ಪೂರ್ತಿ ಒಣಗಲಿ. ಡಬ್ಬಿಯನ್ನು ಮುಖದಿಂದ ದೂರ ಹಿಡಿದು ಅಂಗೈಗೆ ಹಾಕಿ, ಅಲ್ಲಿಂದ ಮೈಗೆ. ನೇರವಾಗಿ ಮೈಮೇಲೆ ಉದುರಿಸಿದರೆ ಅರ್ಧ ಮೂಗಿಗೆ ಹೋಗುತ್ತದೆ, ಪುಪ್ಪುಸಕ್ಕೆ ಈಗಾಗಲೇ ಸಾಕಷ್ಟು ಸರಬರಾಜು ಇದೆ. ಕೂಸಿರುವ ಕೋಣೆಯಲ್ಲಿ ಪೌಡರ್ ಬಡಿಯಬೇಡಿ. ಈಗಷ್ಟೇ ಬೋಳಿಸಿದ ಜಾಗಕ್ಕೆ ಹಚ್ಚಬೇಡಿ. ನಿನ್ನೆಯ ಪದರದ ಮೇಲೆ ಇವತ್ತಿನದು ಬೇಡ.

ಶಹಾಬಾದ್ ಕಲ್ಲಿನ ಪಾಲಿಶ್ ಫರಸಿಯ ಮೇಲೆ ನಿಂತು ಪೌಡರ್ ಹಚ್ಚಿಕೊಳ್ಳುವುದು ಸ್ವಂತ ಜವಾಬ್ದಾರಿ. ನೆಲಕ್ಕೆ ಬಿದ್ದ ಟಾಲ್ಕಿನ ಮೇಲೆ ಹಿಂಬದಿ ಮೊದಲು ಇಳಿದವರ ಸಂಖ್ಯೆ ನಮ್ಮ ಬಳಿ ಇಲ್ಲ. ಆದರೆ ಇಳಿದವರು ಯಾರೂ ಹೇಳಿಕೊಂಡಿಲ್ಲ.

ಊರುವಾರು ಸೂಚನೆಗಳು

ವಾಡಿ: 1874ರಲ್ಲಿ ನಿಜಾಮರ ಹಳಿ ಸಿಕಂದರಾಬಾದ್ ಮುಟ್ಟಿದಂದಿನಿಂದ ಜಂಕ್ಷನ್. ಗಾಡಿ ಬದಲಿಸಲು ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಪೌಡರ್ ಉಚಿತ. ಮದುವೆಗೆ ಹೋಗುವವರು ಮೇಕಪ್ಪನ್ನು ಇಳಿಯುವ ಊರಿನಲ್ಲೇ ಮಾಡಿಕೊಳ್ಳಿ.

ಶಹಾಬಾದ್: ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸದವರು ಮೂಗಿಗೆ ಟವೆಲ್ ಸುತ್ತಿ ಸಾಕೆನ್ನುತ್ತಾರೆ. ಸಾಲದು. ಕಲ್ಲಿನಲ್ಲಿ ಸಿಲಿಕಾ ಇದ್ದಲ್ಲಿ ಅದರ ನುಣುಪು ಹುಡಿ ಪುಪ್ಪುಸದಲ್ಲಿ ಕೂತರೆ ಎದ್ದು ಹೋಗುವುದಿಲ್ಲ. ಸರಿಯಾದ ಮಾಸ್ಕು, ಗರಗಸದ ಮೇಲೆ ನೀರು.

ಚಿತ್ತಾಪುರ: ನಾಗಾವಿಯಲ್ಲಿ ಶತಮಾನಗಳ ಹಿಂದೆ ಘಟಿಕಾಸ್ಥಾನವಿತ್ತು, ದೂರದೂರದಿಂದ ಬಂದು ಓದುತ್ತಿದ್ದರು. ಆ ಊರಿನವರು ಡಬ್ಬಿಯ ಬೆನ್ನು ಓದಲು ಬೇಸರಿಸಬಾರದು.

ಸೇಡಂ: ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಈ ತಾಲ್ಲೂಕಿನದು. ನೃಪತುಂಗನ ರಾಜಧಾನಿಯ ಪಕ್ಕದಲ್ಲಿ ಈಗ ಸಿಮೆಂಟ್ ಚಿಮಣಿ. ಕೋಟೆ ನೋಡಲು ಬಿಳಿ ಅಂಗಿಯಲ್ಲಿ ಬನ್ನಿ. ಹೋಗುವಾಗ ವ್ಯತ್ಯಾಸ ಕಾಣುವುದಿಲ್ಲ.

ಚಿಂಚೋಳಿ: ರೈಲಿಲ್ಲ, ಕಾಡಿದೆ, ಚಂದ್ರಂಪಳ್ಳಿಯ ಜಲಾಶಯದ ನೀರಿದೆ. ಉಳಿದ ಊರಿನವರು ವಾರಕ್ಕೊಮ್ಮೆ ಡಬ್ಬಿ ಮನೆಯಲ್ಲೇ ಬಿಟ್ಟು, ಬಸ್ಸು ಹತ್ತಿ ಬಂದು ಮೈಗೆ ಗಾಳಿ ತೋರಿಸಿ. ಬಸ್ಸಿನ ಕಿಟಕಿ ಮುಚ್ಚಿರಲಿ.

ದೋಷ ಮತ್ತು ಪರಿಹಾರ

ದೋಷ: ಮುಖ ಬೆಳ್ಳಗೆ, ಕುತ್ತಿಗೆ ಕರ್ರಗೆ. ಕಾರಣ: ಫೋಟೋ ಸ್ಟುಡಿಯೋ. ಪರಿಹಾರ: ಕಾಲಕ್ರಮೇಣ ತಾನೇ ಸರಿಹೋಗುತ್ತದೆ.

ದೋಷ: ಬೆನ್ನ ಮೇಲೆ ಸಾಸಿವೆಯಂಥ ಬೆವರುಗುಳ್ಳೆ. ಕಾರಣ: ಬೆವರಿನ ದಾರಿ ಕಟ್ಟಿದೆ. ಪರಿಹಾರ: ಸಡಿಲ ಹತ್ತಿ ಅಂಗಿ, ತಣ್ಣೀರು, ನೆರಳು. ಮೇಲಿಂದ ಮೇಲೆ ಪೌಡರ್ ಮೆತ್ತಿದರೆ ಅದರ ಮುದ್ದೆಯೂ ದಾರಿಗೆ ಅಡ್ಡ ಬರುತ್ತದೆ.

ದೋಷ: ತೊಡೆಸಂದಿಯಲ್ಲಿ ಉಂಗುರದಂತೆ ಹರಡುವ ತುರಿಕೆ, ಅಂಚು ಕೆಂಪು. ಕಾರಣ: ಹುಳುಕಡ್ಡಿ, ಅದು ಬೂಷ್ಟು. ಪರಿಹಾರ: ಮೈ ಪೌಡರಿನಿಂದ ಇದು ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ "ಹುಳುಕಡ್ಡಿಗೆ ಏನರ ಕೊಡ್ರಿ" ಎಂದರೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಮೂರು ದಿನ ತುರಿಕೆ ಅಡಗಿಸಿ, ಮೂರು ವಾರದಲ್ಲಿ ಸೊಂಟದವರೆಗೆ ಹಬ್ಬಿಸುತ್ತದೆ. ನಾಚಿಕೆ ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಮನೆಯವರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ. ಟವೆಲ್ ಬೇರೆ ಬೇರೆ.

ದೋಷ: ಹುಡಿ ತಾಗಿದ ಜಾಗ ಉರಿದು, ಬಿರಿದು, ಹುಣ್ಣಾಗುತ್ತಿದೆ. ಕಾರಣ: ಹಂತ 1 ನೋಡಿ. ಪರಿಹಾರ: ನೀರು, ನೀರು, ಆಸ್ಪತ್ರೆ. ಡಬ್ಬಿ ಮುಟ್ಟಬೇಡಿ.

ವಾರಂಟಿ

ಡಬ್ಬಿಯೊಳಗಿನ 100 ಗ್ರಾಂ ಪೌಡರಿಗೆ ಲೈಸೆನ್ಸ್ ಇದೆ, ಬ್ಯಾಚ್ ಇದೆ, ತಾರೀಖು ಇದೆ, ದೂರು ಬರೆಯಲು ವಿಳಾಸ ಇದೆ. ದಿನಕ್ಕೆ ಎಂಟು ತಾಸು ನಿಮ್ಮ ಮೈಮೇಲೆ ಕೂರುವ ಇನ್ನೊಂದು ಪೌಡರಿಗೆ ಇವು ಯಾವುವೂ ಅಚ್ಚಾಗಿಲ್ಲ. ಅದರಲ್ಲಿ ಏನೇನಿದೆ, ಯಾವುದು ಹೆಚ್ಚು, ಯಾವುದು ಮೊದಲು ಎಂದು ಕೇಳಲು ಬೆನ್ನೇ ಇಲ್ಲ. ಈ ಕೈಪಿಡಿಯ ವಾರಂಟಿ ಮೊದಲನೆಯದಕ್ಕೆ ಮಾತ್ರ ಸೀಮಿತ.

ಸಂಗ್ರಹಣೆ

ಒಣಗಿದ, ನೆರಳಿನ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ. ಇಟ್ಟರೆ ಎರಡೇ ದಿನಕ್ಕೆ ಡಬ್ಬಿಗೇ ಯಾರೋ ಪೌಡರ್ ಹಚ್ಚಿ ಹೋಗಿರುತ್ತಾರೆ. ಆಗ ಮೊದಲು ಅದನ್ನು ಒಣಬಟ್ಟೆಯಿಂದ ಒರೆಸಿ, ಆಮೇಲೆ ನೀವು ಸ್ನಾನಕ್ಕೆ ಹೋಗಿ.