ಜೇಬಿನಲ್ಲಿ ಕರಗಿದ ಮೊಜಾರ್ಟ್

ಆಸ್ಟ್ರಿಯಾದ ಸಾಲ್ಜ್‌ಬರ್ಗಿಗೆ ಹೋದವರು ಸಂಗೀತಗಾರ ಮೊಜಾರ್ಟ್‌ನನ್ನು ಹುಡುಕಬೇಕಿಲ್ಲ, ಅವನಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಬಿಳಿ ವಿಗ್ಗಿನ ಮಹಾಶಯ ಕೊಡೆ, ಟೀ ಲೋಟ, ಕೀಗೊಂಚಲುಗಳ ಮೇಲೆಲ್ಲ ಕೂತು, ‘ಬರೀ ನೋಡಿ ಹೋಗುವ ಗಿರಾಕಿಯೋ?’ ಎಂಬಂತೆ ದಿಟ್ಟಿಸುತ್ತಾನೆ.

ನಾನು ಸೋತದ್ದು ಅವನ ಹೆಸರಿನ ಚಾಕೊಲೇಟ್ ಉಂಡೆಗೆ. ಒಳಗೆ ಬಾದಾಮಿ, ಪಿಸ್ತಾ. ಮೇಲೆ ಬೆಳ್ಳಿ ಕಾಗದ. 1890ರಲ್ಲಿ ಪಾಲ್ ಫುರ್ಸ್ಟ್ ಎಂಬ ಮಿಠಾಯಿಗಾರ ಇದನ್ನು ಕಟ್ಟುವ ಹೊತ್ತಿಗೆ ಮೊಜಾರ್ಟ್ ಸತ್ತು 99 ವರ್ಷ; ಪಾಪ, ಒಂದನ್ನೂ ತಿಂದವನಲ್ಲ. ಅವನ ಪಾಲಿನದನ್ನೂ ಸೇರಿಸಿ ನಾಲ್ಕು ಕೊಂಡು ಅಂಗಿಯ ಜೇಬಿಗಿಳಿಸಿದೆ.

ಗೆಟ್ರೈಡೆಗಾಸೆ ಬೀದಿಯ 9ನೇ ನಂಬರಿನ ಹಳದಿ ಮನೆ. 1756ರ ಜನವರಿ 27ರಂದು ಅವನು ಹುಟ್ಟಿದ್ದು ಮೂರನೇ ಮಹಡಿಯಲ್ಲಿ. ಏದುಸಿರು ಬಿಡುತ್ತಾ ಹತ್ತಿ, ಅವನು ಬಾಲ್ಯದಲ್ಲಿ ನುಡಿಸಿದ ಪುಟಾಣಿ ಪಿಟೀಲಿನ ಮುಂದೆ ಭಕ್ತಿಯಿಂದ ಎದೆಗೆ ಕೈಯಿಟ್ಟೆ. ಪಚಕ್ ಎಂದಿತು.

“ರೀ, ಏನ್ರೀ ಅದು ಕಂದು ಕಲೆ? ಎದೆ ಮೇಲೆ ಭೂಪಟ ಬಂದಿದೆ!”

“ಮೊಜಾರ್ಟ್ ಕಣೇ, ಹೃದಯಕ್ಕೇ ಇಳಿದುಬಿಟ್ಟ.”

“ಒಗೆಯೋಳು ನಾನು.”

ಆರ್ಚ್‌ಬಿಷಪ್ಪನ ಚಾಕರಿ ಸಾಕಾಗಿ ಮೊಜಾರ್ಟ್ 1781ರಲ್ಲೇ ಊರು ಬಿಟ್ಟು ವಿಯೆನ್ನಾ ಸೇರಿದ. ಊರು ಅವನನ್ನು ಬಿಟ್ಟಿಲ್ಲ, ನನ್ನ ಅಂಗಿಯಂತೆಯೇ. ಮೂರು ಸಲ ಒಗೆದಾಯಿತು.