ಚಾರ್ಜ್ ಅಣ್ಣ

ಮುಂಬಯಿಯ ಕುರ್ಲಾ ಪೂರ್ವದ ನೆಹರೂ ನಗರದಲ್ಲಿ ಸೊಸೈಟಿಗೊಬ್ಬ ಸೆಕ್ರೆಟರಿ, ಸೊಸೈಟಿಗೊಬ್ಬ ವಾಚ್‌ಮನ್ ಇರುವ ಹಾಗೆ ಒಬ್ಬ ಚಾರ್ಜ್ ಅಣ್ಣನೂ ಇರುತ್ತಾರೆ. ಬ್ಯಾಂಕಿನಲ್ಲೋ ಬಂದರಿನ ಕಚೇರಿಯಲ್ಲೋ ದುಡಿದು ನಿವೃತ್ತರಾದವರು. ಬೆಳಿಗ್ಗೆ ಕನ್ನಡ ಪೇಪರು, ಸಂಜೆ ಬಂಟರ ಭವನದಲ್ಲಿ ಯಾರದಾದರೂ ರಿಸೆಪ್ಷನ್, ಮಳೆಗಾಲದ ಶನಿವಾರ ರಾತ್ರಿ ಸಹ್ಯಾದ್ರಿಯ ಚಾರಣ. ಅವರ ಬಳಿ ತಲೆಗೆ ಕಟ್ಟುವ ಲೈಟು ಉಂಟು. ಒಂದಲ್ಲ, ಮೂರು. ಅವು ಉರಿದದ್ದನ್ನು ಕಂಡವರು ಕಡಿಮೆ. ಚಾರ್ಜ್ ಆಗುತ್ತಿರುವುದನ್ನು ಕಾಣದವರೇ ಇಲ್ಲ.

ನಮ್ಮ ಅಣ್ಣನಿಗೆ ಈ ಹುಚ್ಚು ಹಿಡಿದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ನದಿ ಕುರ್ಲಾದ ಮನೆಗಳೊಳಗೆ ಹೇಳದೆ ಕೇಳದೆ ನುಗ್ಗಿದ ದಿನ. ಕರೆಂಟು ಹೋಯಿತು. ಅಣ್ಣ ಕಪಾಟಿನಿಂದ ಟಾರ್ಚ್ ತೆಗೆದು ಬಟನ್ ಒತ್ತಿದರು. ಊಹೂಂ. ಮುಚ್ಚಳ ತಿರುಪಿ ನೋಡಿದರೆ ಸೆಲ್ಲುಗಳು ಸೋರಿ, ಬಿಳಿ ಹುಡಿ ಕಟ್ಟಿ, ಸ್ಪ್ರಿಂಗನ್ನೇ ತಿಂದು ಮುಗಿಸಿದ್ದವು. ಆ ಕತ್ತಲಲ್ಲಿ ಅವರು ಪ್ರತಿಜ್ಞೆ ಮಾಡಿದರಂತೆ. ಸಾಕ್ಷಿಗೆ ಅತ್ತಿಗೆ ಇದ್ದರು, ಆದರೆ ಅವರು ಆಗ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸುವುದರಲ್ಲಿದ್ದರು.

ಅದೇ ವರ್ಷ ನವೆಂಬರಿನಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ರೀಚಾರ್ಜೆಬಲ್ ಸೆಲ್ ಹೊರತಂದಿತು. ಅದಕ್ಕೆ ಮೊದಲಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಚಾರ್ಜ್ ಮಾಡಿಟ್ಟರೂ ಕೂತಲ್ಲೇ ಕೆಲವು ತಿಂಗಳಲ್ಲಿ ಬರಿದಾಗುತ್ತಿದ್ದವು. ಇದು ವರ್ಷ ಕಳೆದರೂ ಬಹುಪಾಲು ಉಳಿಸಿಕೊಳ್ಳುತ್ತಿತ್ತು. ಅಣ್ಣ ನೆರೆಯನ್ನೂ ಈ ಸೆಲ್ಲನ್ನೂ ಒಂದೇ ಉಸಿರಿನಲ್ಲಿ ಹೇಳುವ ಧಾಟಿ ಕೇಳಿದರೆ, ಸ್ಯಾನ್ಯೋದವರು ಕುರ್ಲಾದ ನೆರೆ ನೋಡಿಕೊಂಡು ಹೋಗಿಯೇ ಕೆಲಸ ಶುರು ಮಾಡಿದರು ಅನ್ನಿಸಬೇಕು.

ಮೊದಲ ಲೈಟಿಗೆ ಮೂರು ಪೆನ್ಸಿಲ್ ಸೆಲ್ ಬೇಕು. ಮೂರರ ಮೈಮೇಲೂ ಮಾರ್ಕರಿನಲ್ಲಿ ಎ1, ಎ2, ಎ3 ಎಂದು ಬರೆದಿದೆ. ಒಂದೇ ದಿನ ಕೊಂಡದ್ದು, ಒಟ್ಟಿಗೆ ಚಾರ್ಜ್ ಆಗುವುದು, ಒಟ್ಟಿಗೆ ಬರಿದಾಗುವುದು. ಹಳತು ಹೊಸತು ಬೆರೆಸಿದರೆ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಉಳಿದೆರಡು ಅದರೊಳಗೆ ಕರೆಂಟನ್ನು ಉಲ್ಟಾ ನೂಕಿ ಅದನ್ನು ಕೊಂದೇ ಬಿಡುತ್ತವೆ. ಆದ್ದರಿಂದ ಅಣ್ಣ ಜಾತಕ ನೋಡುವ ಜೋಯಿಸರ ಹಾಗೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ಒಂದು ರಜೆಯಲ್ಲಿ ಮೊಮ್ಮಗಳು ಎ2ವನ್ನು ಆಟದ ಕಾರಿಗೆ ಹಾಕಿ, ಕಾರು ಸಮೇತ ಪುಣೆಗೆ ಹೋದಳು. ಎ1 ಮತ್ತು ಎ3 ಅಂದಿನಿಂದ ಡಬ್ಬಿಯೊಳಗೆ ವಿಧುರರಾಗಿ ಮಲಗಿವೆ. “ಬಿ ಸೆಟ್ಟಿನಿಂದ ಒಂದು ತೆಗೆದು ಸೇರಿಸಿದರಾಯ್ತಲ್ಲ ಅಣ್ಣ?” ಎಂದೆ.

“ಹೇಗೆ ಸೇರಿಸುವುದು ಮಾರಾಯ? ವಯಸ್ಸಿನ ಅಂತರ ಉಂಟು.”

ಡಬ್ಬಿ ಇರುವುದು ಫ್ರಿಜ್ಜಿನಲ್ಲಿ. ತಂಪಿನಲ್ಲಿ ಸೆಲ್ ನಿಧಾನ ಬರಿದಾಗುತ್ತದೆ ಎಂಬುದು ನಿಜ. ಎನೆಲೂಪ್ ಬಂದ ಮೇಲೆ ಅದರ ಅಗತ್ಯ ಅಷ್ಟಿಲ್ಲ ಎಂಬುದೂ ನಿಜ. ಎರಡನೆಯ ನಿಜವನ್ನು ಅತ್ತಿಗೆ ಹೇಳಿದ್ದರಿಂದ ಅದು ನೋಟ್‌ಬುಕ್ಕಿಗೆ ಏರಿಲ್ಲ. ನೆಂಟರು ಬಂದಾಗ ಮಿಡಿ ಉಪ್ಪಿನಕಾಯಿ ಎಂದು ಆ ಸ್ಟೀಲ್ ಡಬ್ಬಿ ಒಂದೆರಡು ಸಲ ಊಟದ ಮೇಜಿಗೂ ಬಂದಿದೆ.

ಎರಡನೆಯ ಲೈಟು ಲಿಥಿಯಂ ಜಾತಿಯದು. ಒಳಗೆ 18650 ಎಂಬ ದಪ್ಪ ಸೆಲ್: ಅಡ್ಡಳತೆ 18 ಮಿಲಿಮೀಟರ್, ಉದ್ದ 65. ಅದಕ್ಕೊಂದು ಸ್ಪೇರ್ ಬೇಕೆಂದು ಅಣ್ಣ ಲ್ಯಾಮಿಂಗ್ಟನ್ ರೋಡಿಗೆ ಹೋದಾಗ ನಾನೂ ಜೊತೆಗಿದ್ದೆ. ಫುಟ್‌ಪಾತಿನ ಅಂಗಡಿಯವನು ತೋರಿಸಿದ ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಹೆಸರಾಂತ ಕಂಪನಿಗಳ ಸೆಲ್ಲುಗಳೇ 3500ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತವೆ. ಅಣ್ಣ ಮಾತಾಡಲಿಲ್ಲ. ಎಪ್ಪತ್ತು ರೂಪಾಯಿ ಕೊಟ್ಟರು, ಕುರ್ಲಾಕ್ಕೆ ಮರಳಿದರು, ಸ್ಟೇಷನ್ನಿನಿಂದ ನೇರ ತಮ್ಮ ಗುರುತಿನ ಚಿನ್ನದಂಗಡಿಗೆ ನಡೆದು ಸೆಲ್ಲನ್ನು ತಕ್ಕಡಿಯ ಮೇಲಿಟ್ಟರು. ಅಸಲಿ 18650 ಸುಮಾರು 45 ಗ್ರಾಂ ತೂಗಬೇಕು. ಇದು 29ಕ್ಕೆ ನಿಂತಿತು. “ನೋಡಿ!” ಎಂದು ಅಣ್ಣ ಗೆದ್ದ ದನಿಯಲ್ಲಿ ಕೂಗಿದರು. ಸೇಠ್ ಸಂಶಯದಿಂದ ಕೇಳಿದ: “ಸಾಬ್, ಗಿರವಿ ಇಡಲಿಕ್ಕೆ ತಂದದ್ದಾ?” ಎಪ್ಪತ್ತು ರೂಪಾಯಿ ಹೋದದ್ದಕ್ಕೆ ಅಣ್ಣನಿಗೆ ಬೇಸರವಿರಲಿಲ್ಲ. ಮೋಸವನ್ನು ಗ್ರಾಂ ಲೆಕ್ಕದಲ್ಲಿ ಸಾಬೀತು ಮಾಡುವ ಯೋಗ ಎಷ್ಟು ಜನರಿಗೆ ಸಿಗುತ್ತದೆ?

ಲಿಥಿಯಂ ಸೆಲ್ಲನ್ನು 4.2 ವೋಲ್ಟಿನ ತನಕ ತುಂಬಿ ತಿಂಗಳುಗಟ್ಟಲೆ ಇಟ್ಟರೆ, ಅದರಲ್ಲೂ ಮುಂಬಯಿಯ ಸೆಕೆಯಲ್ಲಿ, ಬೇಗ ಮುದಿಯಾಗುತ್ತದೆ. ಪೂರ್ತಿ ಬರಿದು ಮಾಡಿ ಮರೆತರೆ ಮತ್ತೆ ಏಳುವುದೇ ಇಲ್ಲ. ಸುಮಾರು ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿಡಬೇಕು. ಅಣ್ಣನ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಕಷ್ಟ ಇರುವುದೇ ಅಲ್ಲಿ. ಮನೆಯಲ್ಲಿ ಫ್ಯೂಸ್ ಹೋಗಿ ಅತ್ತಿಗೆ ಲೈಟು ಕೇಳಿದರೆ, “ಅದು ಸ್ಟೋರೇಜಿನಲ್ಲಿ ಉಂಟು, ಈಗ ಮುಟ್ಟಬಾರದು” ಎಂದು ಉತ್ತರ ಬರುತ್ತದೆ. ಅತ್ತಿಗೆ ದೇವರ ಕೋಣೆಯ ಮೇಣದ ಬತ್ತಿ ಹಚ್ಚುತ್ತಾರೆ. ಅದಕ್ಕೆ ಸ್ಟೋರೇಜ್ ಇಲ್ಲ.

ಅಂತೂ ಅಣ್ಣ ಕಾದಿದ್ದ ದಿನ ಬಂತು. 2020ರ ಅಕ್ಟೋಬರ್ 12, ಸೋಮವಾರ. ವಿದ್ಯುತ್ ಜಾಲವೇ ಕೈಕೊಟ್ಟು ಮುಂಬಯಿ ಮತ್ತು ಸುತ್ತಲಿನ ಊರುಗಳಿಗೆಲ್ಲ ಕರೆಂಟು ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಸಿಗ್ನಲ್ ಆರಿದವು. ಅಣ್ಣ ಹಣೆಗೆ ಪಟ್ಟಿ ಬಿಗಿದು, ಕೈಯಲ್ಲಿ ಇನ್ನೆರಡು ಲೈಟು ಹಿಡಿದು, ಮಹಡಿಯಿಂದ ಮಹಡಿಗೆ ಬೆಲ್ ಒತ್ತುತ್ತಾ ಬಂದರು. ಬೆಲ್ ಬಡಿಯಲಿಲ್ಲ, ಬಾಗಿಲು ತಟ್ಟಿದರು. ಒಂದೇ ತೊಂದರೆ, ಆಗ ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಅಕ್ಟೋಬರಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. “ಲೈಟು ಬೇಕಾ?” ಎಂದು ಅಣ್ಣ ಕೇಳಿದ್ದಕ್ಕೆ ಮೂರನೆಯ ಮಹಡಿಯ ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, “ಫ್ಯಾನ್ ಉಂಟಾ ಮಗ?” ಅಂದರು. ಮನೆಯಿಂದಲೇ ಆಫೀಸು ನಡೆಸುತ್ತಿದ್ದ ಪಕ್ಕದ ಹುಡುಗ ಮಾತ್ರ ಆಸೆಯಿಂದ ನೋಡಿದ: “ಅಂಕಲ್, ಇದರಿಂದ ಮೊಬೈಲ್ ಚಾರ್ಜ್ ಮಾಡ್ಬಹುದಲ್ಲ?” ಅಣ್ಣ ಎರಡು ಮೆಟ್ಟಿಲು ಹಿಂದೆ ಸರಿದರು. ಆಮೇಲೆ ಅವರ ಮನೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಚಾರಣದಲ್ಲಾದರೂ ಉರಿಯಬೇಕಲ್ಲ? ಉರಿಯುತ್ತದೆ, ಒಂದು ರೀತಿಯಲ್ಲಿ. ರಾತ್ರಿಯ ಕಸಾರಾ ಲೋಕಲ್ ಹಿಡಿದು, ಬಾರಿ ಗ್ರಾಮದಿಂದ ಕತ್ತಲಲ್ಲೇ ಕಳಸೂಬಾಯಿ ಹತ್ತಿ, ಸೂರ್ಯೋದಯ ನೋಡಿ ಇಳಿಯುವುದು ನಮ್ಮ ತಂಡದ ಪದ್ಧತಿ. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಕಡಿದಾದ ಕಡೆ ಕಬ್ಬಿಣದ ಏಣಿಗಳಿವೆ. ಅಣ್ಣ ಸಾಲಿನ ನಡುವೆಯೇ ನಡೆಯುತ್ತಾರೆ. ಮುಂದಿನವನ ಬೆಳಕಿನಲ್ಲಿ ದಾರಿ ಕಾಣುತ್ತದೆ, ಹಿಂದಿನವನ ಬೆಳಕಿನಲ್ಲಿ ತಮ್ಮ ಪಾದ ಕಾಣುತ್ತದೆ, ತಮ್ಮದು ಆರಿರುತ್ತದೆ. ಅದು ಹೊತ್ತುವುದು ಉಪದೇಶದ ಸಮಯದಲ್ಲಿ ಮಾತ್ರ. ಮಾತಾಡುವಾಗ ಅವರು ನಮ್ಮ ಮುಖವನ್ನೇ ನೋಡುತ್ತಾರೆ. ಹಣೆಯ ಲೈಟೂ ನೋಡುತ್ತದೆ. “ಚಾ ಕುಡಿದ್ಯಾ?” ಎಂದು ಕೇಳಿದರೂ ಪೊಲೀಸ್ ಠಾಣೆಯಲ್ಲಿ ಕೂತಂತಾಗಿ ಮಾಡದ ತಪ್ಪೂ ಬಾಯಿಗೆ ಬರುತ್ತದೆ. ತುದಿಯಲ್ಲಿ ಎಲ್ಲರೂ ಮೂಡಲು ನೋಡುತ್ತಿದ್ದಾಗ ಅಣ್ಣ ಲೈಟು ಬಿಚ್ಚಿ ಇಂಡಿಕೇಟರ್ ನೋಡಿದರು. “ನಾಲ್ಕಕ್ಕೆ ನಾಲ್ಕೂ ಗೆರೆ ಹಾಗೇ ಉಂಟು!” ಆ ಸಂತೋಷದ ಮುಂದೆ ಸೂರ್ಯ ಸಪ್ಪೆಯಾಗಿ ಕಂಡ.

ಅವರ ಬಾಯಿ ಮುಚ್ಚಿಸಿದ ಒಬ್ಬನೇ ಒಬ್ಬನೆಂದರೆ ಊರಿನ ರಬ್ಬರ್ ಟ್ಯಾಪರ್. ಮತ್ಸ್ಯಗಂಧ ರೈಲು ಹೊರಡುವ ಲೋಕಮಾನ್ಯ ತಿಲಕ್ ಟರ್ಮಿನಸ್ ಮನೆಯಿಂದ ರಿಕ್ಷಾ ದೂರ. ಅಣ್ಣ ವರ್ಷಕ್ಕೊಮ್ಮೆ ಸುಳ್ಯದ ಕಡೆಯ ತಂಗಿ ಮನೆಗೆ ಹೋಗುತ್ತಾರೆ. ಅಲ್ಲಿ ಟ್ಯಾಪಿಂಗಿನವರು ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿ ತೋಟಕ್ಕಿಳಿಯುತ್ತಾರೆ. ಬಿಸಿಲೇರುವ ಮೊದಲಿನ ತಂಪಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ. ಟ್ಯಾಪರ್ ತನ್ನ ಲೈಟನ್ನು ಜಗಲಿಯ ಮೊಳೆಗೆ ನೇತುಹಾಕಿ, ಮೊಬೈಲಿನ ವೈರನ್ನೇ ಚುಚ್ಚಿ, ಚಾರ್ಜಿಗಿಟ್ಟಿದ್ದ. ಅಣ್ಣ ಅರ್ಧ ಚಾರ್ಜಿನ ಸಿದ್ಧಾಂತವನ್ನು ವಿವರವಾಗಿ ಹೇಳಿದರು. ಅವನು ಕತ್ತಿ ಮಸೆಯುತ್ತಾ ಎಲ್ಲ ಕೇಳಿದ. “ಸರಿ ಅಣ್ಣೇರೆ. ಆದರೆ ಅರ್ಧ ಚಾರ್ಜಿನಲ್ಲಿ ಅರ್ಧ ತೋಟವೇ ಆಗುವುದು. ಇದು ಹೋದರೆ ಪೇಟೆಯಲ್ಲಿ ಇನ್ನೊಂದು ಸಿಗ್ತದೆ.” ಆ ಸಂಜೆ ನೋಟ್‌ಬುಕ್ ತೆರೆಯಲಿಲ್ಲವೆಂದು ತಂಗಿಯಿಂದ ವರದಿ.

ಈಗಿನ ಸಮಸ್ಯೆ ಸತ್ತ ಸೆಲ್ಲುಗಳದು. ಲಿಥಿಯಂ ಸೆಲ್ಲನ್ನು ಕಸದ ಬುಟ್ಟಿಗೆ ಹಾಕಿದರೆ ಜಜ್ಜಿಹೋಗಿ ಬೆಂಕಿ ಹತ್ತಬಹುದು, ಹಾಕಬಾರದು. 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಸಂಗ್ರಹಿಸುವ ಹೊಣೆ ತಯಾರಕರದು. ಅಣ್ಣನಿಗೆ ಇದು ಬಾಯಿಪಾಠ. ಆದ್ದರಿಂದ ಎ1, ಎ3 ಬಿಟ್ಟು ಉಳಿದ ಮೃತರೆಲ್ಲ, ತುದಿಗಳಿಗೆ ಟೇಪ್ ಅಂಟಿಸಿಕೊಂಡು, ಮಂಚದಡಿಯ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿದ್ದಾರೆ. ಇಡೀ ಕಾರನ್ನೇ ಬಿಚ್ಚಿ ಮಾರುವ ಗುಜರಿ ಬಜಾರು ಇರುವುದು ಇದೇ ಕುರ್ಲಾದಲ್ಲಿ. ಆದರೂ ಒಂದು ಪೆನ್ಸಿಲ್ ಸೆಲ್ಲನ್ನು ನಂಬಿ ಒಪ್ಪಿಸಬಹುದಾದ ಮನುಷ್ಯ ಅಣ್ಣನಿಗೆ ಸಿಕ್ಕಿಲ್ಲ. ಓದುಗರಲ್ಲಿ ಯಾರಿಗಾದರೂ ಅಂಥವರ ಗುರುತಿದ್ದರೆ ದಯವಿಟ್ಟು ಅತ್ತಿಗೆಗೆ ತಿಳಿಸಿ, ಅಣ್ಣ ಕಳಸೂಬಾಯಿಗೆ ಹೋದ ಶನಿವಾರ ನೋಡಿಕೊಂಡು. ಚಾದ ಜೊತೆ ಗೋಳಿಬಜೆ ಸಿಗುತ್ತದೆ.